ಕಿಡ್ನಿ ಪಾಠ ಮಾತ್ರ ಪುಸ್ತಕದಲ್ಲೇ ಓದು, ಪುಟ್ಟಿ

ಪುಟ್ಟಿ,

ನೀನು ಬೆಳಗ್ಗೆ ಏಳಕ್ಕೇ ಮನೆ ಬಿಡುತ್ತೀಯ, ಬರುವಾಗ ಸುಸ್ತಾಗಿರುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಮೊನ್ನೆ "ಮೆಟ್ರೋದಲ್ಲೇ ಕಿಡ್ನಿ ಪಾಠ ಕೇಳಿ ಮುಗಿಸಿದೆ ಅಮ್ಮ, ಕೇಳಿದರೂ ಓದಿದ ಹಾಗೇ ಅಲ್ವಾ?" ಅಂದೆ. ನಾನು ಸುಮ್ನೆ ರೇಗಿಬಿಟ್ಟೆ. ರೇಗಬಾರದಿತ್ತು, ನಿನ್ನ ಮಾತಲ್ಲಿ ಅರ್ಧ ನಿಜ ಇದೆ. 2019ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದವರು ಒಂದಷ್ಟು ಜನರಿಗೆ ಅವೇ ಕಥೆಗಳನ್ನು ಓದಿಸಿಯೂ ಕೇಳಿಸಿಯೂ ಮಿದುಳು ಸ್ಕ್ಯಾನ್ ಮಾಡಿ ನೋಡಿದರು. ಅರ್ಥ ಹಿಡಿಯುವ ಜಾಗಗಳು ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಥರ ಕೆಲಸ ಮಾಡಿದ್ದವು.

ಆದರೆ ಅವು ಕಥೆಗಳು. 2010ರ ಇನ್ನೊಂದು ಅಧ್ಯಯನದಲ್ಲಿ ಕಾಲೇಜು ಮಕ್ಕಳು ಕೆಲವರು ಒಂದು ಲೇಖನ ಓದಿದರು, ಕೆಲವರು ಅದನ್ನೇ ಕೇಳಿದರು. ಟೆಸ್ಟಲ್ಲಿ ಓದಿದವರಿಗೆ ಶೇ. 81, ಕೇಳಿದವರಿಗೆ ಶೇ. 59.

ಯಾಕೆ ಅಂತ ನಿನ್ನ ಕಿಡ್ನಿ ಪಾಠದಲ್ಲೇ ನೋಡು. ಹೆನ್ಲೆ ಲೂಪಲ್ಲಿ, ಅದೇ ಕಿಡ್ನಿಯೊಳಗೆ ಕೆಳಗಿಳಿದು ಮತ್ತೆ ಮೇಲೇರುವ ಆ ಸಣ್ಣ ಕೊಳವೆಯಲ್ಲಿ, ನೀರು ಎಲ್ಲಿ ಹೊರಗೆ ಹೋಗುತ್ತೆ ಅಂತ ನಾನು ಕೇಳಿದ್ದಕ್ಕೆ "ಏರುವ ಕಡೆ" ಅಂದೆ. ನೀರು ಹೋಗುವುದು ಇಳಿಯುವ ಕಡೆ, ಏರುವ ಕಡೆ ಹೋಗುವುದು ಉಪ್ಪು. ಪುಸ್ತಕದಲ್ಲಾದರೆ ಆ ಸಾಲಿಗೆ ಬಂದಾಗ ಕಣ್ಣು ತಾನಾಗೇ ನಿಲ್ಲುತ್ತೆ, ಹಿಂದಿನ ಸಾಲಿಗೆ ಹೋಗುತ್ತೆ, ಪಕ್ಕದ ಚಿತ್ರ ನೋಡಿ ಮತ್ತೆ ಬರುತ್ತೆ. ಓದುವಾಗ ಕಣ್ಣು ಹಾಕುವ ನೂರು ಜಿಗಿತದಲ್ಲಿ ಹತ್ತು-ಹದಿನೈದು ಹಿಂದಕ್ಕೇ ಅಂತೆ, ನಮಗೆ ಗೊತ್ತೇ ಆಗುವುದಿಲ್ಲ. ಇಯರ್‌ಫೋನಲ್ಲಿ ಹಾಗಲ್ಲ. ನೀನು ಒಂದೂವರೆ ಪಟ್ಟು ಸ್ಪೀಡಲ್ಲಿ ಬೇರೆ ಹಾಕಿರುತ್ತೀಯ, ಮೇಲೆ "ಮುಂದಿನ ನಿಲ್ದಾಣ" ಅಂತ ಕೂಗುತ್ತೆ, ಅಷ್ಟರಲ್ಲಿ ನೀರೂ ಹೋಯಿತು, ಉಪ್ಪೂ ಹೋಯಿತು.

ನಿಮ್ಮಜ್ಜಿ ಓದಿದ್ದು ನಾಲ್ಕನೇ ಕ್ಲಾಸು, ಮಹಾಭಾರತದ ಕಥೆಯೆಲ್ಲ ಕಲಿತದ್ದು ಗಮಕ ಕೇಳಿಯೇ. ಕೇಳಿದರೆ ತಲೆಗೆ ಹತ್ತುವುದಿಲ್ಲ ಅಂತ ನಾನು ಹೇಗೆ ಹೇಳಲಿ? ಆದರೆ ಅಲ್ಲಿ ಗಮಕಿ ಒಂದು ಪದ್ಯ ಹಾಡಿ ನಿಲ್ಲಿಸುತ್ತಿದ್ದರು, ಪಕ್ಕದಲ್ಲಿ ಕೂತವರು ಅದರ ಅರ್ಥ ಬಿಡಿಸಿ ಹೇಳುತ್ತಿದ್ದರು, ಆಮೇಲೇ ಮುಂದಿನ ಪದ್ಯ. ನಿನ್ನ ಫೋನಲ್ಲಿ ಹಾಗೆ ನಿಲ್ಲಿಸುವವರು ಯಾರೂ ಇಲ್ಲ ಕಣೇ.

ಮೆಟ್ರೋದಲ್ಲಿ ಕಥೆ ಕೇಳು, ಕನ್ನಡ ಪದ್ಯ ಕೇಳು, ಓದಿ ಮುಗಿಸಿದ ಪಾಠವನ್ನು ಇನ್ನೊಂದು ಸಲ ಬೇಕಾದರೂ ಕೇಳು. ಕಿಡ್ನಿ ಪಾಠ ಸಂಜೆ ಊಟದ ಮೇಜಲ್ಲಿ ಓದೋಣ, ನಾನೂ ಕೂರುತ್ತೇನೆ. ಲೂಪಿನ ಚಿತ್ರ ಬರೆಯೋಕೆ ಪೆನ್ಸಿಲ್ ಚೂಪು ಮಾಡಿ ಪುಸ್ತಕದೊಳಗೆ ಇಟ್ಟಿದ್ದೇನೆ.

ನಿನ್ನ
ಅಮ್ಮ