ಪೋಷಕ ನಟಿಯ ಪಾತ್ರಗಳ ಹೆಸರನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಪೋಷಕ ನಟಿಯೊಬ್ಬರು ತೀರಿಕೊಂಡಾಗ ಪತ್ರಿಕೆಗಳಲ್ಲಿ ಬರುವ ಸುದ್ದಿ ಬಹುತೇಕ ಒಂದೇ ಅಚ್ಚಿನದು. ‘ನೂರಾರು ಚಿತ್ರಗಳಲ್ಲಿ ತಾಯಿ, ಅತ್ತೆ, ಅಜ್ಜಿಯಾಗಿ ನಟಿಸಿದ್ದರು, ಕಿರುತೆರೆಯಲ್ಲೂ ಜನಪ್ರಿಯರಾಗಿದ್ದರು.’ ಯಾವ ಚಿತ್ರ, ಯಾರ ತಾಯಿ, ಎಂಥ ಅತ್ತೆ ಎಂಬುದಕ್ಕೆ ಮಾತ್ರ ಜಾಗವಿರುವುದಿಲ್ಲ. ಅದೇ ತಾಯಿ, ಅತ್ತೆಯರ ಪಾತ್ರ ಮಾಡಿಕೊಂಡೇ ಮನೆ ನಡೆಸಿದವಳು ನಾನು. ಹಾಗಾಗಿ ಈ ತಕರಾರು.

ಪಂಡರಿಬಾಯಿಯವರು 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಅವರಿಗೆ ನಾಯಕಿ. ಇಂದು ಕೇಳಿದರೆ ಹೆಚ್ಚಿನವರು ‘ತಾಯಿ ಪಾತ್ರದವರು’ ಎಂದು ಮುಗಿಸಿಬಿಡುತ್ತಾರೆ. ಲೀಲಾವತಿಯವರು 2023ರ ಡಿಸೆಂಬರ್‌ನಲ್ಲಿ ನಿಧನರಾದಾಗ ಅವರ ಕಷ್ಟದ ಬದುಕು, ಸೋಲದೇವನಹಳ್ಳಿಯಲ್ಲಿ ಅವರು ಕಟ್ಟಿಸಿದ ಆಸ್ಪತ್ರೆ ಎಲ್ಲವೂ ಸುದ್ದಿಯಾಯಿತು. ಆಗಬೇಕಾದದ್ದೇ. ಆದರೆ 1972ರ ‘ನಾಗರಹಾವು’ ಚಿತ್ರದ ಚಾಮಯ್ಯ ಮೇಷ್ಟ್ರನ್ನು ನೆನೆಯುವ ನಾವು ಲೀಲಾವತಿಯವರೇ ಮಾಡಿದ, ಆ ಮೇಷ್ಟ್ರ ಹೆಂಡತಿ ತುಂಗಮ್ಮನನ್ನು ಎಷ್ಟು ನೆನೆದೆವು? ಚಾಮಯ್ಯನಾಗಿದ್ದ ಅಶ್ವತ್ಥ್ ಅವರ ಎದುರು ನಿಂತು, ಅವರನ್ನು ಮೀರದೆ, ಅವರಿಗಿಂತ ಕಡಿಮೆಯೂ ಆಗದೆ ಮಾಡಿದ ಅಭಿನಯ ಅದು. ನಮ್ಮ ಕಸುಬಿನವರಿಗೆ ಅದರ ಕಷ್ಟ ಗೊತ್ತು.

ಉಮಾಶ್ರೀಯವರ ಅದೃಷ್ಟ ಬೇರೆ. ಎಷ್ಟೋ ವರ್ಷ ಹಾಸ್ಯ, ಪೋಷಕ ಪಾತ್ರಗಳಲ್ಲಿದ್ದವರಿಗೆ ‘ಗುಲಾಬಿ ಟಾಕೀಸ್’ ರಾಷ್ಟ್ರಪ್ರಶಸ್ತಿ ತಂದಿತು. ಅರವತ್ತು ದಾಟಿದ ಮೇಲೆ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಪುಟ್ಟಕ್ಕನಾಗಿ ಮನೆಮನೆಗೆ ಬಂದರು. ಪಾತ್ರದ ಹೆಸರು ಶೀರ್ಷಿಕೆಯಲ್ಲೇ ಇದ್ದರೆ ಯಾರೂ ಮರೆಯಲಾರರು, ನೋಡಿ.

ನಮ್ಮಂಥವರ ಪಾಡು ಹೇಳುತ್ತೇನೆ. ರಾತ್ರಿ ಮ್ಯಾನೇಜರ್ ಫೋನ್ ಮಾಡಿ, ‘ನಾಳೆ ಅಮ್ಮನ ಕ್ಯಾರೆಕ್ಟರ್, ಎರಡು ಕಾಟನ್ ಸೀರೆ, ಒಂದು ರೇಷ್ಮೆ ತನ್ನಿ’ ಎನ್ನುತ್ತಾರೆ. ಆ ಅಮ್ಮನ ಹೆಸರೇನೆಂದು ತಿಳಿಯುವುದು ಸೆಟ್‌ನಲ್ಲಿ ಸಂಭಾಷಣೆಯ ಹಾಳೆ ಕೈಗೆ ಬಂದಾಗ. ಕಂಟಿನ್ಯೂಟಿ, ಅಂದರೆ ಒಂದೇ ದೃಶ್ಯವನ್ನು ಬೇರೆ ದಿನ ತೆಗೆದರೂ ವೇಷ ಮೊದಲಿನಂತೆಯೇ ಇರುವುದು, ತಪ್ಪಬಾರದೆಂದು ನಾನೊಂದು ನೋಟ್‌ಬುಕ್ ಇಟ್ಟಿದ್ದೇನೆ. ‘ಕಂದು ಅಂಚಿನ ಹಸಿರು ಸೀರೆ, ಮುತ್ತಿನ ಓಲೆ, ಎಡಗೈಗೆ ನಾಲ್ಕು ಬಳೆ, ಅಳುವ ಸೀನ್ ಬಾಕಿ’ ಎಂಬಂಥ ಟಿಪ್ಪಣಿಗಳು. ಹಲವು ಪುಟಗಳಲ್ಲಿ ಚಿತ್ರದ ಹೆಸರೇ ಇಲ್ಲ, ಆಗಿನ್ನೂ ಹೆಸರು ಇಟ್ಟಿರಲಿಲ್ಲ. ನನಗಿಂತ ಹಿರಿಯ ನಟರಿಗೂ ತಾಯಿಯಾಗಿದ್ದೇನೆ. ಒಂದು ಧಾರಾವಾಹಿಯಲ್ಲಿ ಕಥೆ ತಿರುಗಿ, ನನ್ನನ್ನು ಸಾಯಿಸಿ, ಹಾರ ಹಾಕಿದ ಫೋಟೊ ಗೋಡೆಗೆ ತೂಗುಹಾಕಿದರು. ಸೊಸೆ ತಿಂಗಳುಗಟ್ಟಲೆ ಅದರ ಮುಂದೆ ನಿಂತು ಅತ್ತಳು. ಫೋಟೊಗೆ ದಿನದ ಸಂಭಾವನೆ ಇಲ್ಲ!

ಬಾಕಿ ಹಣದ ವಿಚಾರ ಇಲ್ಲಿ ಬೇಡ, ಅದಕ್ಕೆ ಬೇರೆಯೇ ಪತ್ರ ಬೇಕು.

ನನ್ನ ಕೋರಿಕೆ ದೊಡ್ಡದಲ್ಲ. ಪೋಷಕ ನಟಿಯ ಬಗ್ಗೆ ಬರೆಯುವಾಗ ಮೂರು ಪಾತ್ರಗಳನ್ನಾದರೂ ಹೆಸರು, ಚಿತ್ರ, ಇಸವಿ ಸಮೇತ ಬರೆಯಿರಿ. ಅದಕ್ಕೆ ಅವರು ಸಾಯುವವರೆಗೆ ಕಾಯಬೇಕಿಲ್ಲ. ಸಿನಿಮಾ ಪುರವಣಿಯ ವರದಿಗಾರರನ್ನು ಹಿರಿಯರ ಮನೆಗೆ ಒಂದು ಮಧ್ಯಾಹ್ನ ಕಳುಹಿಸಿ. ಹಳೆಯ ಆಲ್ಬಂಗಳನ್ನು ತೆಗೆದು ತೋರಿಸಲು ನಮಗೂ ಆಸೆಯಿದೆ. ಧಾರಾವಾಹಿ ಮಾಡುವವರು ಕಲಾವಿದರ ಹೆಸರಿನ ಪಟ್ಟಿಯನ್ನು ಓದಲು ಆಗುವಷ್ಟು ನಿಧಾನವಾಗಿ, ಪಾತ್ರದ ಹೆಸರಿನೊಂದಿಗೆ ತೋರಿಸಲಿ. ಈಗ ಅದು ಓಡುವ ವೇಗಕ್ಕೆ ನನ್ನ ಹೆಸರನ್ನು ನಾನೇ ಹಿಡಿಯಲಾರೆ.

ಹೆಸರು ಬರೆಯಿರಿ ಎನ್ನುವವಳೇ ತನ್ನ ಹೆಸರು ಮುಚ್ಚಿಡುತ್ತಾಳೆಂದು ನಗಬೇಡಿ. ಮುಂದಿನ ವಾರ ಶೂಟಿಂಗ್ ಇದೆ, ದಯವಿಟ್ಟು ಹೆಸರು ಪ್ರಕಟಿಸಬೇಡಿ.

– ಪೋಷಕ ನಟಿ, ಬೆಂಗಳೂರು