ಶೇ 11ಕ್ಕಿಂತ ದುಬಾರಿಯಾದ ಶೇ 8

ಮಾನ್ಯ ಸಂಪಾದಕರೇ,

ಕೆಲಸದ ವ್ಯಾನ್‌ಗೆ ಸಾಲ ಕೊಡುವವರ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಎರಡೇ: ತಿಂಗಳ ಕಂತು ಮತ್ತು ಬಡ್ಡಿದರ. ಪ್ಲಂಬಿಂಗ್, ವೈರಿಂಗ್, ಮರಗೆಲಸ, ಸರಕು ಸಾಗಣೆ ಎಂದು ಸ್ವಂತ ದುಡಿಮೆ ನಂಬಿದವರು ಇವೆರಡನ್ನೇ ನೋಡಿ ಸಹಿ ಹಾಕುತ್ತಾರೆ. ಆ ದರ ಫ್ಲಾಟೋ (ಕೊನೆಯವರೆಗೂ ಮೂಲ ಸಾಲದ ಮೇಲೆ ಬಡ್ಡಿ) ರೆಡ್ಯೂಸಿಂಗೋ (ಉಳಿದ ಅಸಲಿನ ಮೇಲಷ್ಟೇ ಬಡ್ಡಿ) ಎಂಬುದು ಸಣ್ಣಕ್ಷರದಲ್ಲಿರುತ್ತದೆ, ಇಲ್ಲವೇ ಇರುವುದೇ ಇಲ್ಲ.

ಒಂದು ಲಕ್ಷ ಸಾಲ, ಐದು ವರ್ಷ, ಶೇ 8 ಫ್ಲಾಟ್ ಎಂದಿಟ್ಟುಕೊಳ್ಳಿ. ವರ್ಷಕ್ಕೆ 8,000ದಂತೆ ಬಡ್ಡಿ 40,000. ಅಸಲು ಸೇರಿಸಿ 60ರಿಂದ ಭಾಗಿಸಿದರೆ ಕಂತು 2,333. ಇನ್ನೊಬ್ಬರು ಶೇ 11 ರೆಡ್ಯೂಸಿಂಗ್ ಎನ್ನುತ್ತಾರೆ. ಕಿವಿಗೆ ದುಬಾರಿ, ಆದರೆ ಕಂತು 2,174. ಒಟ್ಟು ಬಡ್ಡಿ ಸುಮಾರು 30,450. ಫ್ಲಾಟ್‌ನಲ್ಲಿ ಮುಕ್ಕಾಲು ಅಸಲು ತೀರಿದ ಮೇಲೂ ಬಡ್ಡಿ ಬೀಳುವುದು ಇಡೀ ಒಂದು ಲಕ್ಷದ ಮೇಲೆಯೇ. ವ್ಯತ್ಯಾಸ ಹುಟ್ಟುವುದು ಅಲ್ಲಿ.

ಇದನ್ನು ಮೊಬೈಲಿನಲ್ಲೇ ಪರೀಕ್ಷಿಸಬಹುದು. ಯಾವುದೇ ಸ್ಪ್ರೆಡ್‌ಶೀಟ್ ಆ್ಯಪ್‌ನಲ್ಲಿ ‘ರೇಟ್’ (RATE) ಎಂಬ ಸೂತ್ರವಿದೆ. ಅದಕ್ಕೆ ಮೊದಲು ಕಂತುಗಳ ಸಂಖ್ಯೆ 60, ನಂತರ ಕಂತು ಮೈನಸ್ 2333, ಕೊನೆಗೆ ಸಾಲ 100000 ಕೊಡಿ. ಮೈನಸ್ ಚಿಹ್ನೆ ಮರೆತರೆ ಉತ್ತರದ ಬದಲು ದೋಷ ಸಂದೇಶ ಬರುತ್ತದೆ; ಬಹಳ ಮಂದಿ ಅಲ್ಲೇ ಕೈಬಿಡುತ್ತಾರೆ. ಬಂದ ಉತ್ತರವನ್ನು 12ರಿಂದ ಗುಣಿಸಿದರೆ ಸುಮಾರು 0.141, ಅಂದರೆ ಶೇ 14.1. ‘ಶೇ 8’ರ ಅಸಲಿ ಮುಖ ಅದು.

ಶುಲ್ಕವನ್ನೂ ಇದೇ ಸೂತ್ರದಲ್ಲಿ ಹಿಡಿಯಬಹುದು. ಪ್ರೊಸೆಸಿಂಗ್ ಫೀ ಶೇ 2 ಮುರಿದುಕೊಂಡರೆ ಕೈಗೆ ಬರುವುದು 98,000, ಕಂತು ಮಾತ್ರ ಒಂದು ಲಕ್ಷದ್ದೇ. ಕಂತಿನ ಜಾಗದಲ್ಲಿ ಮೈನಸ್ 2174, ಸಾಲದ ಜಾಗದಲ್ಲಿ 98000 ಹಾಕಿ ನೋಡಿ: ಶೇ 11 ಇದ್ದದ್ದು ಶೇ 11.9ರ ಹತ್ತಿರ ಹೋಗುತ್ತದೆ. ಮೊದಲ ಕಂತನ್ನು ಸಾಲ ಕೊಡುವ ದಿನವೇ ಹಿಡಿದುಕೊಂಡರೂ, ಬೇಡದ ವಿಮೆಯನ್ನು ಸಾಲದೊಳಗೆ ಸೇರಿಸಿದರೂ ಇದೇ ಕಥೆ.

ಕಂತು ಇಳಿಸುವ ಮತ್ತೊಂದು ದಾರಿ ‘ಬಲೂನ್’. ಅಸಲಿನ ಒಂದು ಪಾಲನ್ನು ಕೊನೆಗೆ ಒಂದೇ ಗಂಟಾಗಿ ಕಟ್ಟುವುದು. ಮೇಲಿನ ಶೇ 11ರ ಸಾಲದಲ್ಲೇ 30,000 ಕೊನೆಗೆ ಉಳಿಸಿದರೆ ಕಂತು 1,797ಕ್ಕೆ ಇಳಿಯುತ್ತದೆ, ಒಟ್ಟು ಬಡ್ಡಿ ಸುಮಾರು 7,400 ಏರುತ್ತದೆ. ಐದು ವರ್ಷ ಕಟ್ಟಡದ ಧೂಳಿನಲ್ಲಿ ಓಡಿದ ವ್ಯಾನ್ ಆ ದಿನ 30,000ಕ್ಕೆ ಹೋಗದಿದ್ದರೆ ಉಳಿದದ್ದನ್ನು ಜೇಬಿನಿಂದ ತೆರಬೇಕು. ಗಾಡಿಯನ್ನು ಹಿಂಡಿ ದುಡಿಸುವವರಿಗೆ ಇದು ಹೇಳಿ ಮಾಡಿಸಿದ್ದಲ್ಲ.

ಗಾಡಿ ಕೊಳ್ಳದೆ ಕರಾರಿನ ಮೇಲೆ ಬಾಡಿಗೆಗೆ ಪಡೆಯುವ ಲೀಸ್ ಕೆಟ್ಟದ್ದೇನಲ್ಲ. ಮೂರ್ನಾಲ್ಕು ವರ್ಷಕ್ಕೊಮ್ಮೆ ಗಾಡಿ ಬದಲಿಸುವವರಿಗೆ, ರಿಪೇರಿಯ ತಲೆನೋವು ಬೇಡ ಎನ್ನುವವರಿಗೆ ಒಗ್ಗುತ್ತದೆ. ಆದರೆ ಕರಾರಿನಲ್ಲಿ ಕಿಲೋಮೀಟರ್ ಮಿತಿ ಇದ್ದರೆ ಮೀರಿದ ಪ್ರತಿ ಕಿಲೋಮೀಟರಿಗೂ ದಂಡ. ಸಾಮಾನಿನ ರ್‍ಯಾಕ್ ಕೂರಿಸಲು ನೆಲಕ್ಕೂ ಬದಿಗೂ ಕೊರೆದ ಬೋಲ್ಟ್ ತೂತುಗಳನ್ನು ಗಾಡಿ ಮರಳಿಸುವಾಗ ‘ಹಾನಿ’ ಎಂದು ಲೆಕ್ಕ ಹಾಕಬಹುದು. ರ್‍ಯಾಕ್, ಏಣಿಯ ಕ್ಯಾರಿಯರ್ ಬೇಕೇಬೇಕು ಎನ್ನುವವರು ಅವುಗಳಿಗೆ ಲಿಖಿತ ಒಪ್ಪಿಗೆ ಪಡೆದೇ ಸಹಿ ಹಾಕಬೇಕು.

ಕೈಯಲ್ಲಿ ದುಡ್ಡಿದೆಯೆಂದು ಪೂರ್ತಿ ನಗದು ಸುರಿಯುವುದೂ ಜಾಣತನವಲ್ಲ. ಗಿರಾಕಿ ಬಿಲ್ಲಿನ ಹಣ ಕೊಡಲು 45 ದಿನ ತೆಗೆದುಕೊಂಡರೆ ಅಷ್ಟು ದಿನ ಸಾಮಗ್ರಿ ತರುವುದು ಅದೇ ದುಡ್ಡಿನಲ್ಲಿ. ಮೂರು ಕಂತು, ಒಂದು ವರ್ಷದ ವಿಮೆ, ಒಂದು ಜೊತೆ ಟೈರ್, ಇಷ್ಟನ್ನು ಎತ್ತಿಟ್ಟು ಮಿಕ್ಕದ್ದನ್ನು ಮುಂಗಡವಾಗಿ ಕೊಡಲಿ. ಓವರ್‌ಡ್ರಾಫ್ಟ್‌ನಿಂದ (ಖಾತೆಯಲ್ಲಿರುವುದಕ್ಕಿಂತ ಹೆಚ್ಚು ತೆಗೆಯಲು ಬ್ಯಾಂಕ್ ಕೊಡುವ ಸಾಲ) ವ್ಯಾನ್ ಕೊಳ್ಳುವುದು ಇದಕ್ಕಿಂತ ಕೆಟ್ಟದ್ದು. ಐದು ವರ್ಷ ದುಡಿಯುವ ವಸ್ತುವಿಗೆ ಯಾವಾಗ ಬೇಕಾದರೂ ವಾಪಸ್ ಕೇಳಬಹುದಾದ ಹಣ ಅದು.

ಸಾಲಗಾರರು ಹೆಚ್ಚು ಎಡವುವುದು ಆದಾಯದ ದಾಖಲೆಯಲ್ಲಿ. ಸಾಲ ಕೊಡುವವರು ಮುಖ್ಯವಾಗಿ ನೋಡುವುದು ವಹಿವಾಟನ್ನಲ್ಲ, ತೆರಿಗೆ ರಿಟರ್ನ್‌ನಲ್ಲಿ ತೋರಿಸಿದ ನಿವ್ವಳ ಲಾಭವನ್ನು. ಸಾಮಾನ್ಯವಾಗಿ ಎರಡು–ಮೂರು ವರ್ಷದ್ದು ಕೇಳುತ್ತಾರೆ. ತೆರಿಗೆ ಉಳಿಸಲು ಲಾಭ ಕುಗ್ಗಿಸಿ ತೋರಿಸಿದವರಿಗೆ ಸಾಲವೂ ಕುಗ್ಗುತ್ತದೆ. ಅರ್ಜಿಗೆ ಆರು ತಿಂಗಳ ಮುಂಚಿನಿಂದ ಗಿರಾಕಿಗಳ ಹಣ ಒಂದೇ ಖಾತೆಗೆ ಬರುವಂತೆ ನೋಡಿಕೊಂಡರೆ ಸಾಕಷ್ಟು ವಾದ ತಪ್ಪುತ್ತದೆ.

ಲೆಕ್ಕಪತ್ರದಲ್ಲಿ ಕಾಣುವ ಇನ್ನೊಂದು ತಪ್ಪು: ಇಡೀ ಕಂತನ್ನೇ ಖರ್ಚೆಂದು ಬರೆಯುವುದು. ಸಾಲದ ಗಾಡಿಯಾದರೆ ಬಡ್ಡಿ ಖರ್ಚು, ಗಾಡಿಯ ಸವಕಳಿ (ವರ್ಷ ಕಳೆದಂತೆ ಇಳಿಯುವ ಬೆಲೆ) ಖರ್ಚು. ಅಸಲು ಮರುಪಾವತಿ ಖರ್ಚಲ್ಲ. ಲೀಸ್‌ನಲ್ಲಿ ಬಾಡಿಗೆ ಸಾಧಾರಣವಾಗಿ ಖರ್ಚಾಗುತ್ತದೆ, ಸವಕಳಿ ಇರುವುದಿಲ್ಲ. ‘ಲೀಸ್‌ನಲ್ಲಿ ತೆರಿಗೆ ಉಳಿತಾಯ ಜಾಸ್ತಿ’ ಎಂಬ ಮಾರಾಟದ ಮಾತನ್ನು ಈ ಎರಡು ಸಾಲು ಪಕ್ಕಪಕ್ಕ ಬರೆದೇ ನಂಬಬೇಕು.

ಅವಧಿಗೆ ಮುನ್ನ ಸಾಲ ತೀರಿಸಿದರೆ ದಂಡವೆಷ್ಟು, ಉಳಿದ ಅಸಲನ್ನು ಹೇಗೆ ಲೆಕ್ಕ ಹಾಕುತ್ತಾರೆ ಎಂಬುದನ್ನು ಬರಹದಲ್ಲೇ ಕೇಳಬೇಕು. ಶೇ 11ರ ಸಾಲದಲ್ಲಿ 24 ಕಂತು ಕಟ್ಟಿದ ಮೇಲೂ ಒಂದು ಲಕ್ಷಕ್ಕೆ ಸುಮಾರು 66,400 ಬಾಕಿ ಇರುತ್ತದೆ. ಅಷ್ಟರಲ್ಲಿ ಅಪಘಾತದಲ್ಲಿ ಗಾಡಿ ಪೂರ್ತಿ ಹಾಳಾದರೆ ವಿಮೆ ಕೊಡುವುದು ಗಾಡಿಯ ಸವಕಳಿ ಕಳೆದ ಬೆಲೆಯನ್ನು, ಬಾಕಿಯನ್ನಲ್ಲ. ಮುಂಗಡ ತೀರಾ ಕಡಿಮೆ ಕೊಟ್ಟವರು ಗಾಡಿಯೂ ಇಲ್ಲದೆ ಸಾಲ ಕಟ್ಟುವ ಸ್ಥಿತಿಗೆ ಬರುವುದು ಹೀಗೆ.

ವಾಹನ ಸಾಲದ ಜಾಹೀರಾತು ಸ್ವೀಕರಿಸುವಾಗ ಪತ್ರಿಕೆಯವರು ಒಂದು ಷರತ್ತು ಹಾಕಬಹುದು: ಕಂತಿನಷ್ಟೇ ದೊಡ್ಡ ಅಕ್ಷರದಲ್ಲಿ, ಶುಲ್ಕ ಸೇರಿದ ವಾರ್ಷಿಕ ದರ ಮತ್ತು ಒಟ್ಟು ಕಟ್ಟಬೇಕಾದ ಮೊತ್ತ ಇರಲಿ. ಎರಡು ಸಾಲಿನ ಜಾಗ ಸಾಕು.

– ವಾಹನ ಸಾಲದ ಲೆಕ್ಕ ನೋಡುವ ಓದುಗರು