ಕೊರಿಯನ್ ಧಾರಾವಾಹಿಯ ಕೆಳಗೆ ಕನ್ನಡ ಅಕ್ಷರ ಬರಲಿ

ಮಾನ್ಯ ಸಂಪಾದಕರೇ,

ನಾನು ಕೊಪ್ಪಳದವಳು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಚ್ಚುತ್ತೇನೆ. ನಿಮ್ಮ ಪತ್ರಿಕೆ ನಮ್ಮ ಮನೆಗೆ ಮಾವನವರ ಕಾಲದಿಂದ ಬರುತ್ತಿದೆ. ಆದರೂ ಪತ್ರ ಬರೆಯುತ್ತಿರುವುದು ಇದೇ ಮೊದಲು. ವಿಷಯ ಒಂದು ಕೊರಿಯನ್ ಧಾರಾವಾಹಿ. ಕೊರಿಯನ್ ಅಂದ ಕೂಡಲೇ ಅದು ಕಾಲೇಜು ಹುಡುಗಿಯರ ಹುಚ್ಚು ಅಂತ ಪಕ್ಕಕ್ಕೆ ಇಡಬೇಡಿ, ದಯವಿಟ್ಟು ಪೂರ್ತಿ ಓದಿ. ನಮ್ಮ ಮನೆಯಲ್ಲಿ ಅದನ್ನು ಎಲ್ಲರಿಗಿಂತ ಜಾಸ್ತಿ ಮನಸ್ಸಿಟ್ಟು ನೋಡಿದವರು ಎಪ್ಪತ್ತು ದಾಟಿದ ನಮ್ಮ ಅತ್ತೆ.

ಧಾರಾವಾಹಿಯ ಹೆಸರು ಗಾಬ್ಲಿನ್. ಕೊರಿಯಾದ ಟಿವಿಎನ್ ಚಾನೆಲ್‌ನಲ್ಲಿ 2016ರ ಡಿಸೆಂಬರ್‌ನಿಂದ 2017ರ ಜನವರಿವರೆಗೆ ಬಂದದ್ದು, ಬರೀ 16 ಕಂತು. ಪಿಯುಸಿ ಓದುವ ನಮ್ಮ ಮಗಳು ಮೊಬೈಲಿನಲ್ಲಿ ನೋಡುತ್ತಿದ್ದಳು. ಒಂದು ರಾತ್ರಿ ಕರೆಂಟ್ ಹೋಗಿತ್ತು, ಮೂವರೂ ಹೊರಗೆ ಕಟ್ಟೆ ಮೇಲೆ ಕೂತಿದ್ದೆವು. ಅವಳು ಇಯರ್‌ಫೋನ್ ಹಾಕಿಕೊಂಡಿರಲಿಲ್ಲ. ಮೊಬೈಲಿನಿಂದ ಒಂದು ಪುಟ್ಟ ಹುಡುಗಿ "ಓಮ್ಮಾ" ಅಂತ ಅಳುವುದು ಕೇಳಿಸಿತು. ಜಪಮಣಿ ಎಣಿಸುತ್ತಿದ್ದ ಅತ್ತೆ ಕೈ ನಿಲ್ಲಿಸಿದರು. "ಯಾರ ಕೂಸದು? ಅವ್ವನ್ನ ಕರಿಯಾಕತ್ತೈತಲ್ಲ" ಅಂದರು.

ಅತ್ತೆ ಹೇಳಿದ್ದು ನಿಜವೇ ಆಗಿತ್ತು. ಕೊರಿಯನ್ ಭಾಷೆಯಲ್ಲಿ ಓಮ್ಮಾ ಅಂದರೆ ಅವ್ವ, ಅಪ್ಪಾ ಅಂದರೆ ಅಪ್ಪನೇ. ಆ ಹುಡುಗಿಗೆ ಅವತ್ತು ಒಂಬತ್ತನೇ ಹುಟ್ಟುಹಬ್ಬ. ಮನೆಗೆ ಬಂದರೆ ಅವ್ವ ತಿಂಡಿ ಮಾಡಿಟ್ಟು ಕಾಯುತ್ತಿದ್ದಾಳೆ. ಸತ್ತವರು ಕಣ್ಣಿಗೆ ಕಾಣುವುದು ಆ ಮಗುವಿಗೆ ಹುಟ್ಟಿನಿಂದ ಬಂದದ್ದು, ಹಾಗಾಗಿ ಎದುರಿಗೆ ಕೂತ ಅವ್ವ ಈಗ ಬದುಕಿಲ್ಲ ಅಂತ ಅದಕ್ಕೆ ಮುಖ ನೋಡುತ್ತಲೇ ಗೊತ್ತಾಗಿಬಿಡುತ್ತದೆ. ಮಗಳು ಇಷ್ಟನ್ನು ಅಜ್ಜಿಗೆ ಬಿಡಿಸಿ ಹೇಳಿದಳು. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ಮೊದಲಿಂದ ಹಚ್ಚು ಅಂದರು. ಅಲ್ಲಿಂದ ದಿನಾ ರಾತ್ರಿ ಊಟ ಆದ ಮೇಲೆ ಒಂದು ಕಂತು. ಮಾತಿನ ಅರ್ಥಕ್ಕೆ ಕೆಳಗೆ ಬರುವ ಇಂಗ್ಲಿಷ್ ಸಾಲು ಬೇಗ ಓದಲು ಬರುವುದು ಮಗಳಿಗೆ. ಅವಳಿಗೆ ಪರೀಕ್ಷೆ ಬಂದಾಗ ಆ ಕೆಲಸ ನನಗೆ ಬಂತು. ನಾನು ಓದಿದ್ದು ಕನ್ನಡ ಶಾಲೆಯಲ್ಲಿ. ಒಂದು ಸಾಲು ಓದಿ, ಅರ್ಥ ಮಾಡಿಕೊಂಡು, ಅತ್ತೆಗೆ ಹೇಳುವಷ್ಟರಲ್ಲಿ ಮೂರು ಸಾಲು ದಾಟಿ ಹೋಗುತ್ತಿತ್ತು. ಪ್ರತಿ ಸಲ ನಿಲ್ಲಿಸಿ, ಹಿಂದೆ ತಂದು, ಮತ್ತೆ ಓದಿ.

ನೋಡದವರಿಗಾಗಿ ಕಥೆ ಸ್ವಲ್ಪ ಹೇಳುತ್ತೇನೆ. ಗೊರ್ಯೋ ರಾಜರ ಕಾಲದಲ್ಲಿ ಕಿಮ್ ಶಿನ್ ಅಂತ ಒಬ್ಬ ಸೇನಾಪತಿ. ಯುದ್ಧ ಗೆದ್ದು ಬಂದವನನ್ನು ಜನ ದೇವರ ಹಾಗೆ ಕಾಣುತ್ತಾರೆ. ಎಳೆ ವಯಸ್ಸಿನ ರಾಜನಿಗೆ ಅದೇ ಹೊಟ್ಟೆಕಿಚ್ಚು, ಪಕ್ಕದಲ್ಲಿ ಕಿವಿ ಊದುವವನೂ ಒಬ್ಬನಿದ್ದಾನೆ. ರಾಣಿ ಬೇರೆ ಯಾರೂ ಅಲ್ಲ, ಸೇನಾಪತಿಯ ತಂಗಿ. ಅಣ್ಣ, ತಂಗಿ, ಮನೆಮಂದಿ ಎಲ್ಲರನ್ನೂ ರಾಜ ಕೊಲ್ಲಿಸುತ್ತಾನೆ. ಸತ್ತ ಸೇನಾಪತಿಯನ್ನು ದೇವರು ಮತ್ತೆ ಎಬ್ಬಿಸುತ್ತಾನೆ, ಆದರೆ ಎದೆಗೆ ಚುಚ್ಚಿದ ಕತ್ತಿ ಹಾಗೇ ಉಳಿಯುತ್ತದೆ. ಅವನಿಗೆ ಸಾವಿಲ್ಲ. 900 ವರ್ಷಕ್ಕೂ ಮೇಲೆ ಬದುಕುತ್ತಾನೆ, ತನ್ನವರು ಅಂದುಕೊಂಡ ಒಬ್ಬೊಬ್ಬರನ್ನೇ ಮಣ್ಣು ಮಾಡುತ್ತಾ. ಆ ಕತ್ತಿಯನ್ನು ಕೀಳಲು ಆಗುವುದು ಅವನಿಗೆ ಹೆಂಡತಿ ಆಗಬೇಕಾದವಳಿಗೆ ಮಾತ್ರ. ಕಿತ್ತರೆ ಅವನು ಇಲ್ಲವಾಗುತ್ತಾನೆ. ಸಾವನ್ನೇ ಬೇಡಿಕೊಂಡು ಕಾದವನಿಗೆ ಅವಳು ಸಿಕ್ಕ ಮೇಲೆ ಬದುಕುವ ಆಸೆ ಹುಟ್ಟುತ್ತದೆ. ಅವಳೇ ಆ "ಓಮ್ಮಾ" ಅಂದ ಹುಡುಗಿ, ಜಿ ಉನ್ ತಾಕ್.

ಅದೇ ಮನೆಯಲ್ಲಿ ಬಾಡಿಗೆಗೆ ಬಂದು ಕೂತವನು ಒಬ್ಬ ಯಮದೂತ. ಅವನಿಗೆ ತನ್ನ ಹೆಸರೂ ನೆನಪಿಲ್ಲ. ಚಿಕನ್ ಅಂಗಡಿ ನಡೆಸುವ ಸನ್ನಿ ಎಂಬ ಹೆಂಗಸನ್ನು ನೋಡಿದರೆ ಸುಮ್ನೆ ಕಣ್ಣೀರು ಬರುತ್ತದೆ. ಹಿಂದಿನ ಜನ್ಮದಲ್ಲಿ ಅವನೇ ಆ ರಾಜ, ಅವಳೇ ಆ ರಾಣಿ. ಸತ್ತುಹೋದ ರಾಣಿಯ ಹಳೇ ಚಿತ್ರವೊಂದನ್ನು ಬಿಚ್ಚಿದಾಗ ಯಮದೂತ ಬಿಕ್ಕಿ ಬಿಕ್ಕಿ ಅಳುತ್ತಾನೆ, ಯಾಕೆ ಅಂತ ಅವನಿಗೇ ಗೊತ್ತಿಲ್ಲ. ಅತ್ತೆ ಅಂದರು: "ತಲಿ ಮರತರೂ ಕಣ್ಣು ಮರತಿಲ್ಲ ನೋಡ."

ನಾನು ಪತ್ರ ಬರೆಯಲು ಕಾರಣ ಇಲ್ಲಿಂದ ಶುರು. ಇಂಗ್ಲಿಷ್ ಸಾಲಿನಲ್ಲಿ ಯಮದೂತನಿಗೆ ಗ್ರಿಮ್ ರೀಪರ್ ಅಂತ ಇತ್ತು. ಮಗಳು ಹಾಗೇ ಓದಿದಳು. ಅತ್ತೆಗೆ ಏನೂ ತಿಳಿಯಲಿಲ್ಲ, ನನಗೂ ಅಷ್ಟಕ್ಕಷ್ಟೇ. ಕಪ್ಪು ಟೊಪ್ಪಿಗೆ ಹಾಕಿಕೊಂಡು, ಹೆಸರು ಬರೆದ ಚೀಟಿ ಹಿಡಿದು, ಹೊತ್ತಿಗೆ ಸರಿಯಾಗಿ ಕರೆದೊಯ್ಯಲು ಬರುತ್ತಾನೆ ಅಂದ ಮೇಲೆ "ಯಮದೂತ ಅನ್ನಬಾರದಾ?" ಅಂತ ಅತ್ತೆಯೇ ಕೇಳಿದರು. ಕೊರಿಯಾದವರು ಸತ್ತವರ ಲೋಕದ ರಾಜನಿಗೆ ಯೋಮ್ರಾ ಅನ್ನುತ್ತಾರೆ. ಅವನು ನಮ್ಮ ಯಮರಾಜನೇ, ಬೌದ್ಧ ಧರ್ಮದ ಜೊತೆ ಚೀನಾ ಹಾದು ಅಲ್ಲಿಗೆ ಹೋದವನು. ಕೊರಿಯಾಕ್ಕೆ ಬೌದ್ಧ ಧರ್ಮ ಮುಟ್ಟಿದ್ದು ಕ್ರಿ.ಶ. 372ರಲ್ಲಿ. ಅದಕ್ಕೆ 600 ವರ್ಷ ಮೊದಲೇ ಬುದ್ಧನನ್ನು ನಂಬಿದ ಅಶೋಕನ ಮಾತನ್ನು ನಮ್ಮ ಕೊಪ್ಪಳದ ಗವಿಮಠದ ಬಂಡೆ ಮೇಲೆ, ಪಾಲ್ಕಿಗುಂಡಿನ ಮೇಲೆ ಕೊರೆದಿದ್ದರು. ಜಾತ್ರೆಗೆ ಬಂದವರು ಎಷ್ಟೋ ಜನ ನೋಡಿರುತ್ತೀರಿ. ಅಂದರೆ ಈ ಜನ್ಮ, ಮರುಜನ್ಮದ ಮಾತು ನಮಗೆ ಹೊರಗಿನದ್ದಲ್ಲ. ಈಗ ಅದು ನಮಗೆ ವಾಪಸ್ ಬರುವಾಗ ಇಂಗ್ಲಿಷಿನ ಸುತ್ತು ಹಾಕಿ ಬರುತ್ತಿದೆ, ಬರುವ ದಾರಿಯಲ್ಲಿ ಯಮನೇ ಕಳೆದುಹೋಗಿದ್ದಾನೆ.

ಇನ್ನೊಂದು ಮಾತು, ಇನ್ಯೋನ್. ಕೊರಿಯನ್ ಧಾರಾವಾಹಿ ನೋಡುವವರಿಗೆಲ್ಲ ಕೇಳಿ ಗೊತ್ತಿರುತ್ತದೆ. ಇಂಗ್ಲಿಷ್ ಸಾಲಿನಲ್ಲಿ ಅದು ಫೇಟ್ ಅಂತ ಬಂತು. ನಾನು ಹಣೆಬರಹ ಅಂತ ಹೇಳಿದೆ. ಅತ್ತೆಗೆ ಒಪ್ಪಿಗೆ ಆಗಲಿಲ್ಲ. ಹಣೆಬರಹ ಒಬ್ಬರದ್ದು, ಇದು ಇಬ್ಬರ ನಡುವಿನದ್ದಲ್ವಾ? ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು, "ಇದಕ್ಕ ಋಣಾನುಬಂಧ ಅಂತಾರವಾ." ಆ ಒಂದು ಮಾತು ಸಿಕ್ಕ ಮೇಲೆ ಮುಂದಿನ ಕಂತುಗಳು ಅವರಿಗೆ ಎಷ್ಟು ಸಲೀಸಾದವು ಅಂದರೆ, ನಾನು ಹೇಳುವ ಮೊದಲೇ ಯಾರು ಯಾರಿಗೆ ಏನು ಬಾಕಿ ಇಟ್ಟಿದ್ದಾರೆ ಅಂತ ಅವರೇ ಹೇಳುತ್ತಿದ್ದರು.

ಮರ್ಯಾದೆಯ ಮಾತೂ ಹಾಗೇ. ಕೊರಿಯನ್ನಿನಲ್ಲಿ ದೊಡ್ಡವರ ಜೊತೆ ಮಾತಾಡುವಾಗ ಕೊನೆಗೆ "ಯೋ" ಹಚ್ಚುತ್ತಾರೆ, ನಾವು "ಬರ್ರಿ, ಕೂಡ್ರಿ" ಅಂತ "ರಿ" ಹಚ್ಚುವ ಹಾಗೆ. ಕ್ರಿಯಾಪದ ಬರುವುದೂ ನಮ್ಮ ಹಾಗೆ ವಾಕ್ಯದ ಕೊನೆಗೆ. ಮಗಳು ಇದನ್ನು ಕೇಳಿ ಕೇಳಿಯೇ ಕಲಿತಳು. ಯಾರು ಸಿಟ್ಟಿನಲ್ಲಿ ಏಕವಚನಕ್ಕೆ ಇಳಿದರು, ಯಾರು ಸಲಿಗೆಯಿಂದ ಇಳಿದರು, ಯಾರು ದೂರ ಮಾಡಲೆಂದೇ ಬಹುವಚನ ಬಳಸಿದರು, ಇದೆಲ್ಲ ಆ ಭಾಷೆಯಲ್ಲಿ ಇದೆ, ನಮ್ಮ ಭಾಷೆಯಲ್ಲೂ ಇದೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಯೂ. ಅರ್ಧ ಜಗಳ, ಅರ್ಧ ಪ್ರೀತಿ ಅಲ್ಲೇ ಇಂಗಿಹೋಗುತ್ತದೆ.

ಎಲ್ಲಕ್ಕೂ ಕನ್ನಡದ ಮಾತು ಇದೆ ಅಂತ ನಾನು ಹಟ ಹಿಡಿಯುವುದಿಲ್ಲ. ಧಾರಾವಾಹಿಯ ನಾಯಕನಿಗೆ ಅವರ ಭಾಷೆಯಲ್ಲಿ ಡೊಕ್ಕೆಬಿ ಅನ್ನುತ್ತಾರೆ. ಹಳೇ ಪೊರಕೆ, ರಕ್ತ ಹತ್ತಿದ ಸಾಮಾನು ಇಂಥದ್ದಕ್ಕೆ ಜೀವ ಬಂದು ಹುಟ್ಟುವುದು, ಕುಸ್ತಿ ಆಡುವುದು, ಮನುಷ್ಯರ ಜೊತೆ ಚೇಷ್ಟೆ ಮಾಡುವುದು ಅಂತ ಅವರ ಜನಪದ ಕಥೆಗಳಲ್ಲಿ ಇದೆ. ಅದು ನಮ್ಮ ದೆವ್ವವೂ ಅಲ್ಲ, ಇಂಗ್ಲಿಷಿನ ಗಾಬ್ಲಿನ್ ಕೂಡ ಅಲ್ಲ. ಅದನ್ನು ಡೊಕ್ಕೆಬಿ ಅಂತಲೇ ಬಿಡಬೇಕು, ಎರಡು ಕಂತು ಹೋದರೆ ಜನರ ಬಾಯಿಗೆ ಹತ್ತುತ್ತದೆ.

ಒಂದು ಕಂತಿನಲ್ಲಿ ಮನುಷ್ಯನಿಗೆ ನಾಲ್ಕು ಜನ್ಮ ಅಂತ ಯಮದೂತ ಹೇಳುತ್ತಾನೆ. ಬೀಜ ಬಿತ್ತುವ ಜನ್ಮ, ನೀರು ಹಾಯಿಸುವ ಜನ್ಮ, ಬೆಳೆ ಕೊಯ್ಯುವ ಜನ್ಮ, ಕೊಯ್ದದ್ದನ್ನು ಉಣ್ಣುವ ಜನ್ಮ. ನಮ್ಮ ಮಾವನವರಿಗೆ ಯಲಬುರ್ಗಾ ಕಡೆ ಎರಿ ಹೊಲ ಇತ್ತು, ಮಳೆ ನಂಬಿದ ಹೊಲ. ಅತ್ತೆ ಮೊಬೈಲ್ ನಿಲ್ಲಿಸಲು ಹೇಳಿ ಬಹಳ ಹೊತ್ತು ಸುಮ್ಮನೆ ಕೂತರು. ಆಮೇಲೆ, "ಹಂಗಾರ ನಿಮ್ಮ ಮಾವಂದು ಬಿತ್ತೂ ಜನ್ಮನ ಇರಬೇಕು. ಉಂಡಿದ್ದು ನಾ ನೋಡಿಲ್ಲ" ಅಂದರು. ಮಾವ ತೀರಿಕೊಂಡು ಮೂರು ವರ್ಷ ಆಯಿತು. ಈ ಮೂರು ವರ್ಷದಲ್ಲಿ ಅತ್ತೆ ಅವರ ಬಗ್ಗೆ ತಾವಾಗಿ ಆಡಿದ ಮಾತು ಅದೇ ಮೊದಲು. ಆ ರಾತ್ರಿ ಬೆಳೆ ಹೋದ ವರ್ಷದ್ದು, ಎತ್ತು ಮಾರಿದ್ದು, ಸಂತೆಯಿಂದ ಬರುವಾಗ ಮಾವ ಮರೆಯದೆ ತರುತ್ತಿದ್ದ ಮಿರ್ಚಿ-ಮಂಡಕ್ಕಿಯದ್ದು, ಎಲ್ಲ ಹೇಳಿದರು. ಮರುದಿನ ಧಾರಾವಾಹಿಯಲ್ಲಿ ಬಿಳಿ ಹೂವಿನ ಹೊಲ ಬಂತು, ಬಕ್‌ವೀಟ್ ಅಂತ ಒಂದು ಬೆಳೆ. ಅತ್ತೆಗೆ ಅದು ಹತ್ತಿ ಒಡೆದ ಹೊಲದ ಹಾಗೇ ಕಂಡಿತು.

ಧಾರಾವಾಹಿಯಲ್ಲಿ ಕುಂದು ಇಲ್ಲ ಅಂತಲ್ಲ. ನಾಯಕಿ ಮೊದಲ ಅರ್ಧದಲ್ಲಿ ಇನ್ನೂ ಶಾಲೆಗೆ ಹೋಗುವವಳು, ನಾಯಕ ಮಧ್ಯವಯಸ್ಸಿನವನ ಹಾಗೆ ಕಾಣುತ್ತಾನೆ. ಹೆಣ್ಣುಮಗಳ ತಾಯಿಯಾಗಿ ನನಗೆ ಅದು ಹಿಡಿಸಲಿಲ್ಲ, ಮಗಳ ಹತ್ತಿರ ನೇರವಾಗಿಯೇ ಹೇಳಿದೆ. ಅವಳೂ ಒಪ್ಪಿದಳು. ಹಾಗೆ ಕೂತು ಮಾತಾಡಲು ಆಗಿದ್ದು ಜೊತೆಗೆ ನೋಡಿದ್ದರಿಂದ.

ಈಗ ಚಹಾದ ವಿಷಯ. ಯಮದೂತನ ಹತ್ತಿರ ಒಂದು ಚಹಾ ಕೋಣೆ ಇದೆ. ಗೋಡೆ ತುಂಬ ಕಪ್-ಬಸಿ. ಸತ್ತವರನ್ನು ಅಲ್ಲಿ ಕೂಡಿಸಿ ಒಂದು ಕಪ್ ಚಹಾ ಕೊಡುತ್ತಾನೆ, ಕುಡಿದರೆ ಈ ಜನ್ಮದ್ದೆಲ್ಲ ಮರೆತುಹೋಗುತ್ತದೆ. ಮೊದಮೊದಲ ಕಂತಿನಲ್ಲೇ ಅದು ಬಂತು. ನಾನು ಅತ್ತೆಗೆ ವಿವರಿಸಿ ಹೇಳಿದೆ, ಕಷ್ಟ ಎಲ್ಲಾ ಮರಿಯಲಿ ಅಂತ ಕೊಡ್ತಾನ್ರೀ ಅತ್ತಿ, ಅದು ದೇವರ ದಯೆ ಅಂತ. ಅತ್ತೆ ತಲೆ ಅಲ್ಲಾಡಿಸಿದರು. "ನಾ ಆ ಚಾ ಕುಡಿಯೂದಿಲ್ಲ. ಮರತರ ಅಲ್ಲಿ ನಿಮ್ಮ ಮಾವನ್ನ ಹೆಂಗ ಗುರತು ಹಿಡಿಲಿ?" ಕೊನೆಯ ಕಂತಿನಲ್ಲಿ ಉನ್ ತಾಕ್ ಅಪಘಾತದಲ್ಲಿ ಸತ್ತು ಅದೇ ಕೋಣೆಗೆ ಬರುತ್ತಾಳೆ. ಚಹಾ ಬೇಡ ಅನ್ನುತ್ತಾಳೆ. ಅತ್ತೆಯ ಮುಖ ನೋಡಬೇಕಿತ್ತು ನೀವು. ಮಗಳ ತೊಡೆ ತಟ್ಟಿ, "ಆಕೀನೂ ಕುಡೀಲಿಲ್ಲ, ಆಕೀನೂ ಕುಡೀಲಿಲ್ಲ" ಅಂದರು.

ಸಂಪಾದಕರೇ, ನಮ್ಮ ಅತ್ತೆ ಅನಕ್ಷರಸ್ಥೆ ಅಲ್ಲ. ನಾಲ್ಕನೇ ಇಯತ್ತೆ ಓದಿದ್ದಾರೆ, ನಿಮ್ಮ ಪತ್ರಿಕೆಯನ್ನು ಕನ್ನಡಕ ಹಾಕಿಕೊಂಡು ದಿನಾ ಓದುತ್ತಾರೆ. ಕೆಳಗೆ ಕನ್ನಡ ಸಾಲು ಇದ್ದಿದ್ದರೆ ನಾನಾಗಲಿ ಮಗಳಾಗಲಿ ಬೇಕಾಗುತ್ತಿರಲಿಲ್ಲ. ನಾವು ದುಡ್ಡು ಕಟ್ಟಿ ಹಾಕಿಸಿಕೊಂಡ ಆಪಿನಲ್ಲಿ ಎಷ್ಟೋ ಕೊರಿಯನ್ ಧಾರಾವಾಹಿಗೆ ಹಿಂದಿ, ತಮಿಳು, ತೆಲುಗು ದನಿ ಇದೆ. ಪಟ್ಟಿಯಲ್ಲಿ ಕನ್ನಡ ಹುಡುಕಿ ಹುಡುಕಿ ಸಾಕಾಯಿತು. ಬಳ್ಳಾರಿಯಲ್ಲಿರುವ ನನ್ನ ತಂಗಿ ತೆಲುಗಿನಲ್ಲಿ ನೋಡುತ್ತಾಳೆ, ಅವಳಿಗೆ ತೆಲುಗು ಬರುತ್ತದೆ. ನಮಗೆ ಬರುವುದಿಲ್ಲ. ಆ ಆಪಿನವರಿಗೆ ಮಗಳ ಕೈಯಲ್ಲಿ ಬರೆಸಿದೆ, ನಿಮ್ಮ ಸಲಹೆಗೆ ಧನ್ಯವಾದ ಅಂತ ಇಂಗ್ಲಿಷಿನಲ್ಲಿ ಉತ್ತರ ಬಂತು, ಅಷ್ಟೇ.

ಡಬ್ಬಿಂಗ್ ಬಗ್ಗೆ ಕನ್ನಡ ಚಿತ್ರರಂಗದವರಿಗೆ ಹಿಂದಿನಿಂದ ಇದ್ದ ಭಯ ನನಗೂ ಅರ್ಥವಾಗುತ್ತದೆ, ಅದು ಹೊಟ್ಟೆಪಾಡಿನ ಪ್ರಶ್ನೆ. ಆದರೆ 2020ರ ಲಾಕ್‌ಡೌನ್‌ನಲ್ಲಿ ಹಿಂದಿಯ ಮಹಾಭಾರತ ಧಾರಾವಾಹಿ ಕನ್ನಡ ದನಿಯಲ್ಲಿ ಬಂತು, ನಮ್ಮ ಓಣಿಯಲ್ಲಿ ಅದನ್ನು ನೋಡದ ಮನೆ ಇರಲಿಲ್ಲ. ಆ ದನಿ ಕೊಟ್ಟವರೂ ಕನ್ನಡದವರೇ ಅಲ್ವಾ? ದನಿ ಕೊಡಲು ಖರ್ಚು ಜಾಸ್ತಿ ಅನ್ನುವುದಾದರೆ ಕೆಳಗೆ ಅಕ್ಷರವನ್ನಾದರೂ ಕೊಡಲಿ. ಅದನ್ನೂ ಇಂಗ್ಲಿಷಿನಿಂದ ಮಷಿನ್ ಹಚ್ಚಿ ತಿರುಗಿಸಿದ ಕನ್ನಡ ಮಾಡಬೇಡಿ. ಕೊರಿಯನ್ ಕಲಿತ ಕನ್ನಡದ ಹುಡುಗ ಹುಡುಗಿಯರು ಈಗ ಇದ್ದಾರೆ, ಅವರ ಜೊತೆ ನಮ್ಮ ಅತ್ತೆಯಂಥವರ ಮಾತು ಬಲ್ಲವರು ಒಬ್ಬರು ಕೂತರೆ ಕೆಲಸ ಚೆನ್ನಾಗಿ ಆಗುತ್ತದೆ. ಪಕ್ಕದಲ್ಲೇ ಹಂಪಿ ಕನ್ನಡ ವಿಶ್ವವಿದ್ಯಾಲಯ ಇದೆ. ಅಲ್ಲಿಯ ಮೇಷ್ಟ್ರುಗಳು ಒಂದು ಧಾರಾವಾಹಿಯನ್ನು ಕೈಗೆತ್ತಿಕೊಂಡು ಮಾದರಿ ಮಾಡಿ ತೋರಿಸಬಹುದು. ನೀವು ಭಾನುವಾರದ ಪುರವಣಿಯಲ್ಲಿ ಈ ಬಗ್ಗೆ ಒಂದು ಪುಟ ಬರೆಸಿ. ಕಂಪನಿಗಳು ನನ್ನಂಥವಳ ಮಾತು ಕೇಳದಿದ್ದರೂ ಪತ್ರಿಕೆಯ ಮಾತು ಕೇಳಬಹುದು.

ಈಗ ಇನ್ನೊಂದು ಧಾರಾವಾಹಿ ಶುರು ಮಾಡಿದ್ದೇವೆ. ಅದೂ ಮರುಜನ್ಮದ್ದೇ, ಹಿಂದಿನ 18 ಜನ್ಮ ನೆನಪಿರುವ ಹೆಣ್ಣುಮಗಳ ಕಥೆ, 12 ಕಂತು. ಮಗಳು ಹಾಸ್ಟೆಲ್‌ಗೆ ಹೋದಳು. ಮದುವೆ ಸೀಜನ್, ನನಗೆ ರಾತ್ರಿ ಹತ್ತರವರೆಗೂ ಮಷಿನ್ ಮೇಲಿನಿಂದ ಏಳಲು ಆಗುತ್ತಿಲ್ಲ. ಅತ್ತೆ ಮೊಬೈಲನ್ನು ಚಾರ್ಜಿಗೆ ಹಾಕಿ, ಕನ್ನಡಕ ಒರೆಸಿಕೊಂಡು, ಪಕ್ಕದಲ್ಲಿ ಕಾಯುತ್ತಾ ಕೂತಿರುತ್ತಾರೆ. ಮೂರನೇ ಕಂತಿನಲ್ಲೇ ನಿಂತಿದೆ.

ಇಂತಿ ನಿಮ್ಮ ಓದುಗಳು,
ಕೊಪ್ಪಳ